ಡಬ್ಬಿಯ ಮುಂದಿನ ಎಲೆಯ ಚಿತ್ರ ನೋಡಿ ಸನ್‌ಸ್ಕ್ರೀನ್ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಮನೆಯಲ್ಲೇ ಸನ್‌ಸ್ಕ್ರೀನ್ ಮಾಡಿಕೊಳ್ಳುವುದು ಹೇಗೆ ಅನ್ನೋ ಬರಹ ಬಂದಿತ್ತು. ಎಣ್ಣೆ, ಲೋಳೆಸರ, ಕ್ಯಾರೆಟ್ ಬೀಜದ ತೈಲ, ಜೊತೆಗೆ ಎರಡು ಚಮಚ ಜಿಂಕ್ ಆಕ್ಸೈಡ್ ಪುಡಿ. ಇಷ್ಟನ್ನು ಕಲಸಿ ಡಬ್ಬಿಗೆ ತುಂಬಿದರೆ ಎಸ್‌ಪಿಎಫ್ 30 ಸಿಗುತ್ತದೆ, ಕೆಮಿಕಲ್ ಭಯವೂ ಇರುವುದಿಲ್ಲ ಅಂತ ಬರೆದಿದ್ದರು. ನಾನು ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಲಸ ಮಾಡುವ ಫಾರ್ಮಸಿಸ್ಟ್. ಬರಹ ಬಂದ ಮಾರನೇ ದಿನವೇ ಅದರ ಕಟಿಂಗ್ ಹಿಡಿದುಕೊಂಡು ಜಿಂಕ್ ಆಕ್ಸೈಡ್ ಪುಡಿ ಕೇಳುತ್ತಾ ಜನ ಬಂದರು. ಅವರಲ್ಲಿ ಒಬ್ಬರು ಕೈಗೂಸಿನ ತಾಯಿ. ಅದಕ್ಕೇ ಈ ಪತ್ರ. ಆ ಪಾಕವನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಆ 30 ಅನ್ನೋ ಸಂಖ್ಯೆ ಎಲ್ಲಿಂದ ಬರುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ಎಸ್‌ಪಿಎಫ್ ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಅನ್ನುವ ಅಳತೆ, ಅದನ್ನು ಯಾರೂ ಅಂದಾಜಿನಲ್ಲಿ ಹಾಕುವಂತಿಲ್ಲ. ಸ್ವಯಂಸೇವಕರ ಬೆನ್ನಿನ ಮೇಲೆ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಕ್ರೀಮ್ ಹಚ್ಚಿ, ಬಿಸಿಲಿನಂತೆಯೇ ಕಿರಣ ಬಿಡುವ ದೀಪದ ಕೆಳಗೆ ಇಟ್ಟು, ಚರ್ಮ ಕೆಂಪಾಗಲು ಎಷ್ಟು ಕಿರಣ ಬೇಕಾಯಿತು ಅಂತ ನೋಡುತ್ತಾರೆ, ಪಕ್ಕದಲ್ಲಿ ಏನೂ ಹಚ್ಚದ ಚರ್ಮದ ಜೊತೆ ಹೋಲಿಸುತ್ತಾರೆ. ಮೂವತ್ತು ಪಟ್ಟು ಜಾಸ್ತಿ ಬೇಕಾದರೆ ಎಸ್‌ಪಿಎಫ್ 30. ಅಡುಗೆಮನೆಯಲ್ಲಿ ಕಲಸಿದ ಬಟ್ಟಲಿಗೆ ಈ ಪರೀಕ್ಷೆ ಯಾರು ಮಾಡಿದರು?

ಎಣ್ಣೆಗಳ ಬಗ್ಗೆ ಓಡಾಡುವ ಸಂಖ್ಯೆಗಳ ಕಥೆಯೂ ಇಷ್ಟೇ. ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ತೆಳು ಮಾಡಿ, ಗಾಜಿನ ಕೊಳವೆಗೆ ಹಾಕಿ, ಎಷ್ಟು ಕಿರಣ ಹೀರಿತು ಅಂತ ಯಂತ್ರದಲ್ಲಿ ಅಳೆದವರಿದ್ದಾರೆ. ಹಾಗೆ ಅಳೆದಾಗಲೂ ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆಗೆ ಬಂದದ್ದು ಸುಮಾರು 7–8. ಅದು ಮನುಷ್ಯನ ಚರ್ಮದ ಮೇಲೆ ಸಿಕ್ಕ ಫಲವಲ್ಲ. ಕ್ಯಾರೆಟ್ ಬೀಜದ ತೈಲಕ್ಕೆ 38, 40 ಅಂತೆಲ್ಲ ಬರೆಯುತ್ತಾರಲ್ಲ, ಅದನ್ನು ನಂಬಿ ಮಗುವಿನ ಕೆನ್ನೆಗೆ ಸವರಿ ಮಧ್ಯಾಹ್ನದ ಬಿಸಿಲಿಗೆ ಕಳಿಸಬೇಡಿ.

ಜಿಂಕ್ ಆಕ್ಸೈಡ್ ನಿಜವಾಗಿಯೂ ಒಳ್ಳೆಯ ವಸ್ತು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಕಲಸುವುದರಲ್ಲಿ. ಆ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಮಚದಲ್ಲಿ, ಮಿಕ್ಸಿಯಲ್ಲಿ ಎಷ್ಟೇ ತಿರುಗಿಸಿದರೂ ಸಣ್ಣ ಸಣ್ಣ ಗಂಟುಗಳು ಉಳಿಯುತ್ತವೆ. ಬೇಕಾದರೆ ಆ ಮಿಶ್ರಣವನ್ನು ಒಂದು ಗಾಜಿನ ಮೇಲೆ ತೆಳ್ಳಗೆ ಎಳೆದು ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಬಿಳಿ ಚುಕ್ಕೆ, ಅದರ ಪಕ್ಕದಲ್ಲೇ ಬರೀ ಎಣ್ಣೆ. ಆ ಬರೀ ಎಣ್ಣೆಯ ಜಾಗದಲ್ಲಿ ಚರ್ಮಕ್ಕೆ ಯಾವ ರಕ್ಷಣೆಯೂ ಇಲ್ಲ. ಕಾರ್ಖಾನೆಯಲ್ಲಿ ಕಣಗಳಿಗೆ ಲೇಪನ ಕೊಟ್ಟು, ದೊಡ್ಡ ಯಂತ್ರಗಳಲ್ಲಿ ಅರೆದು, ಅವು ಮತ್ತೆ ಗಂಟು ಕಟ್ಟದ ಹಾಗೆ ಮಾಡುತ್ತಾರೆ. ಆಮೇಲೆ ಡಬ್ಬಿ ತಿಂಗಳುಗಟ್ಟಲೆ ಕೂತರೂ ತಳಕ್ಕೆ ಇಳಿಯದ ಹಾಗೆ ನೋಡಿಕೊಳ್ಳುತ್ತಾರೆ. ಸುಲಭದ ಕೆಲಸ ಅಲ್ಲ ಅದು. ಜೊತೆಗೆ ಲೋಳೆಸರ, ನೀರು ಸೇರಿದ ಮನೆಯ ಮಿಶ್ರಣದಲ್ಲಿ ಪ್ರಿಸರ್ವೇಟಿವ್ ಇಲ್ಲದಿದ್ದರೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯಲು ಜಾಸ್ತಿ ದಿನ ಬೇಕಿಲ್ಲ.

ನಿಮ್ಮ ಬರಹದಲ್ಲಿ ಇನ್ನೊಂದು ಸಾಲಿತ್ತು, ಪರಿಮಳಕ್ಕೆ ನಾಲ್ಕು ಹನಿ ನಿಂಬೆ ಸಿಪ್ಪೆಯ ತೈಲ ಹಾಕಿ ಅಂತ. ಅದನ್ನು ಓದಿ ನನಗೆ ನಿಜಕ್ಕೂ ಗಾಬರಿಯಾಯಿತು. ನಿಂಬೆ, ಬರ್ಗಮಾಟ್ ಥರದ ಹಣ್ಣುಗಳ ಸಿಪ್ಪೆಯಿಂದ ಹಿಂಡಿ ತೆಗೆದ ತೈಲದಲ್ಲಿ ಫ್ಯೂರೊಕೌಮರಿನ್ ಅನ್ನೋ ವಸ್ತುಗಳಿರುತ್ತವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ಒಬ್ಬ ಹುಡುಗಿ ಹೀಗೇ ಏನೋ ಹಚ್ಚಿಕೊಂಡು ನಮ್ಮ ಅಂಗಡಿಗೆ ಬಂದಿದ್ದಳು. ಕಿವಿಯ ಕೆಳಗಿನಿಂದ ಕುತ್ತಿಗೆಯವರೆಗೆ, ತೈಲ ಹರಿದ ದಾರಿಯಲ್ಲೇ ಗೆರೆ ಎಳೆದ ಹಾಗೆ ಕೆಂಪು, ಅದರ ಮೇಲೆ ಸಾಲಾಗಿ ನೀರುಗುಳ್ಳೆ. ಹಚ್ಚಿದ ದಿನ ಏನೂ ಆಗಿರಲಿಲ್ಲವಂತೆ, ಎರಡು ದಿನ ಕಳೆದ ಮೇಲೆ ಶುರುವಾಗಿದೆ. ಇದು ಹಾಗೇ, ತಡವಾಗಿ ಬರುತ್ತದೆ. ಗುಳ್ಳೆ ಒಣಗಿದ ಮೇಲೂ ಕಂದು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಲಾಮು ಕೊಟ್ಟು ಕಳಿಸುವ ಕೇಸಲ್ಲ ಅದು, ಚರ್ಮದ ವೈದ್ಯರ ಹತ್ತಿರ ಕಳಿಸಿದೆ. ಅವಳು ಹಚ್ಚಿಕೊಂಡಿದ್ದರಲ್ಲಿ ಇದ್ದದ್ದೆಲ್ಲ ಗಿಡದಿಂದ ಬಂದದ್ದೇ.

ಹಾಗಂತ ನೈಸರ್ಗಿಕವಾದದ್ದು ಬೇಕು ಅನ್ನುವವರ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ದಿನಾ ಮೈಗೆ ಹಚ್ಚಿಕೊಳ್ಳುವ ವಸ್ತು ಏನು ಅಂತ ಕೇಳುವುದು ಸರಿಯಾದ ಪ್ರಶ್ನೆ. ಅದಕ್ಕೆ ಆಧಾರವೂ ಇದೆ. ಅಮೆರಿಕದ ಆಹಾರ, ಔಷಧಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಸನ್‌ಸ್ಕ್ರೀನ್‌ನಲ್ಲಿ ಬಳಸುವ 16 ಫಿಲ್ಟರ್‌ಗಳನ್ನು, ಅಂದರೆ ಕಿರಣ ತಡೆಯುವ ವಸ್ತುಗಳನ್ನು, ಮತ್ತೆ ಪರಿಶೀಲಿಸಿ ತನ್ನ ಪ್ರಸ್ತಾವ ಹೊರಡಿಸಿತು. ಸುರಕ್ಷಿತ ಅಂತ ಒಪ್ಪಬಹುದು ಅಂದದ್ದು ಎರಡನ್ನು ಮಾತ್ರ, ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಎರಡನ್ನು ಬೇಡ ಅಂದಿತು, ಅದರಲ್ಲಿ ಒಂದು ಒಂದು ಕಾಲದಲ್ಲಿ ತುಂಬಾ ಓಡುತ್ತಿದ್ದ ಪಿಎಬಿಎ. ಉಳಿದ 12ರ ಬಗ್ಗೆ ಇನ್ನಷ್ಟು ಮಾಹಿತಿ ಬೇಕು ಅಂತ ಹೇಳಿತು. ಅಪಾಯಕಾರಿ ಅಂತ ಹೇಳಲಿಲ್ಲ, ಮಾಹಿತಿ ಸಾಲದು ಅಂದಿತು. ಈ ವ್ಯತ್ಯಾಸವನ್ನು ಬರೆಯುವವರು ಬಿಟ್ಟುಬಿಡುತ್ತಾರೆ.

ಅದೇ ವರ್ಷ ಅದೇ ಸಂಸ್ಥೆಯ ವಿಜ್ಞಾನಿಗಳು 24 ಜನರ ಮೈಯ ಮುಕ್ಕಾಲು ಭಾಗಕ್ಕೆ ದಿನಕ್ಕೆ ನಾಲ್ಕು ಸಲದಂತೆ ನಾಲ್ಕು ದಿನ ಸನ್‌ಸ್ಕ್ರೀನ್ ಹಚ್ಚಿಸಿ ರಕ್ತ ಪರೀಕ್ಷೆ ಮಾಡಿದರು. ಅವೊಬೆಂಜೋನ್, ಆಕ್ಸಿಬೆಂಜೋನ್, ಆಕ್ಟೊಕ್ರಿಲೀನ್, ಎಕಾಮ್ಸ್ಯೂಲ್ ಅನ್ನೋ ನಾಲ್ಕು ಫಿಲ್ಟರ್‌ಗಳೂ ರಕ್ತದಲ್ಲಿ ಸಿಕ್ಕವು. ಎಷ್ಟಕ್ಕಿಂತ ಜಾಸ್ತಿ ಕಂಡರೆ ಮುಂದಿನ ಸುರಕ್ಷತಾ ಪರೀಕ್ಷೆ ಆಗಲೇಬೇಕು ಅಂತ ಎಫ್‌ಡಿಎ ಮಿತಿ ಇಟ್ಟಿತ್ತೋ ಅದಕ್ಕಿಂತ ಜಾಸ್ತಿಯೇ. ರಕ್ತಕ್ಕೆ ಸೇರಿತು ಅಂದ ಮಾತ್ರಕ್ಕೆ ಕೆಡುಕು ಮಾಡಿತು ಅಂತ ಅಲ್ಲ. ಸನ್‌ಸ್ಕ್ರೀನ್ ನಿಲ್ಲಿಸಬೇಡಿ ಅಂತ ಆ ವಿಜ್ಞಾನಿಗಳೇ ಹೇಳಿದರು. ಆದರೂ ಆಕ್ಸಿಬೆಂಜೋನ್ ಬಗ್ಗೆ ಹಾರ್ಮೋನಿನ ಸಂಶಯ ಬಹಳ ದಿನದಿಂದ ಇದೆ, ಅಲರ್ಜಿಯೂ ಅದರಿಂದ ಹಲವರಿಗೆ ಬರುತ್ತದೆ. ಯುರೋಪಿನಲ್ಲಿ ಅದರ ಪ್ರಮಾಣಕ್ಕೆ ಈಗ ಬಿಗಿ ಮಿತಿ ಇದೆ, ಮೈಗೆ ಹಚ್ಚುವುದರಲ್ಲಿ ಶೇ 2.2 ಮೀರುವಂತಿಲ್ಲ. ಬೇರೆ ಆಯ್ಕೆ ಕೈಗೆ ಸಿಗುವಾಗ ಗರ್ಭಿಣಿಯರು, ಮಕ್ಕಳು ಅದನ್ನು ಬಿಡುವುದೇ ಒಳ್ಳೆಯದು ಅಂತ ನಾನೂ ಹೇಳುತ್ತೇನೆ.

ಆದರೆ ಒಂದು ಕೆಮಿಕಲ್ ಮೇಲೆ ಸಂಶಯ ಬಂತು ಅಂತ ಸನ್‌ಸ್ಕ್ರೀನನ್ನೇ ಬಿಟ್ಟು ಎಣ್ಣೆ ಹಚ್ಚಿಕೊಳ್ಳುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಬಿಸಿಲಿನಿಂದ ಆಗುವ ಕೆಡುಕು ಸಂಶಯದ ಮಾತಲ್ಲ. ಸನ್‌ಸ್ಕ್ರೀನ್‌ನಿಂದ ಆಗುವ ಉಪಯೋಗಕ್ಕೂ ಗಟ್ಟಿ ಪುರಾವೆ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಂಬೂರ್ ಅನ್ನೋ ಊರಿನಲ್ಲಿ 1992ರಲ್ಲಿ 1,621 ಜನರನ್ನು ಸೇರಿಸಿ ಒಂದು ಅಧ್ಯಯನ ಶುರು ಮಾಡಿದರು. ಒಂದು ಗುಂಪಿಗೆ ದಿನಾ ತಪ್ಪದೆ ಹಚ್ಚಿ ಅಂದರು, ಇನ್ನೊಂದಕ್ಕೆ ನಿಮ್ಮ ಇಷ್ಟದ ಹಾಗೆ ಇರಿ ಅಂದರು. ನಾಲ್ಕೂವರೆ ವರ್ಷ ಹೀಗೆ ನಡೆಯಿತು, ಆಮೇಲೂ ಹತ್ತು ವರ್ಷ ಅವರನ್ನು ಗಮನಿಸಿದರು. 2011ರಲ್ಲಿ ಫಲಿತಾಂಶ ಬಂದಾಗ ದಿನಾ ಹಚ್ಚಿದವರಲ್ಲಿ 11 ಜನರಿಗೆ, ಇನ್ನೊಂದು ಗುಂಪಿನಲ್ಲಿ 22 ಜನರಿಗೆ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಬಂದಿತ್ತು. ಅದೇ ಅಧ್ಯಯನದಿಂದ 2013ರಲ್ಲಿ ಬಂದ ಇನ್ನೊಂದು ವರದಿಯಲ್ಲಿ, ದಿನಾ ಹಚ್ಚಿದವರ ಚರ್ಮಕ್ಕೆ ವಯಸ್ಸಾಗುವುದೂ ಶೇ 24ರಷ್ಟು ಕಡಿಮೆ ಅಂತ ಕಂಡಿತು.

ಇನ್ನು ಸುರಕ್ಷಿತವಾದದ್ದನ್ನು ಆರಿಸುವುದು ಹೇಗೆ? ಟ್ಯೂಬನ್ನು ತಿರುಗಿಸಿ. ಮುಂದೆ ಎಲೆಯ ಚಿತ್ರ, ಹಸಿರು ಬಣ್ಣ, ನ್ಯಾಚುರಲ್, ಕ್ಲೀನ್, ರೀಫ್ ಸೇಫ್ (ಹವಳಕ್ಕೆ ಹಾನಿ ಇಲ್ಲ) ಅಂತೆಲ್ಲ ಇರುತ್ತದೆ. ಅಮೆರಿಕದಲ್ಲಿ ಕೂಡ ಕಾಸ್ಮೆಟಿಕ್‌ನ ಮೇಲೆ ನ್ಯಾಚುರಲ್ ಅಂತ ಬರೆಯಲು ಕಾನೂನಿನ ವ್ಯಾಖ್ಯಾನ ಏನೂ ಇಲ್ಲ. ಹಿಂಭಾಗದಲ್ಲಿ ಫಿಲ್ಟರ್‌ಗಳ ಹೆಸರು ಇರುತ್ತದೆ, ನೋಡಬೇಕಾದ್ದು ಅದನ್ನು. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡರಲ್ಲಿ ಒಂದು ಅಥವಾ ಎರಡೂ ಇದ್ದು ಬೇರೆ ಫಿಲ್ಟರ್ ಇಲ್ಲದಿದ್ದರೆ ಅದು ಮಿನರಲ್ ಸನ್‌ಸ್ಕ್ರೀನ್. ನೈಸರ್ಗಿಕ ಅನ್ನುವುದಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಅತಿ ಹತ್ತಿರದ್ದು ಇದೇ. ಹಾಗಂತ ಅದೂ ಮಣ್ಣಿನಿಂದ ನೇರವಾಗಿ ಡಬ್ಬಿಗೆ ಬಂದದ್ದಲ್ಲ. ಸತುವನ್ನು ಕುದಿಸಿ ಆವಿ ಮಾಡಿ ಗಾಳಿಯಲ್ಲಿ ಉರಿಸಿ ಜಿಂಕ್ ಆಕ್ಸೈಡ್ ತಯಾರಿಸುವುದುಂಟು. ಹಾಗೆ ತಯಾರಿಸಿದ್ದರಿಂದಲೇ ಅದು ಶುದ್ಧ. ಕಾರ್ಖಾನೆಯಿಂದ ಬಂತು ಅಂತ ಹೆದರಬೇಕಿಲ್ಲ.

ಜಿಂಕ್ ಆಕ್ಸೈಡ್ ಕನ್ನಡಿಯ ಹಾಗೆ ಕಿರಣವನ್ನು ವಾಪಸ್ ಕಳಿಸುತ್ತದೆ, ಆಕ್ಸಿಬೆಂಜೋನ್ ಥರದ ಕೆಮಿಕಲ್ ಫಿಲ್ಟರ್ ಮಾತ್ರ ಹೀರಿಕೊಳ್ಳುತ್ತದೆ ಅಂತ ಎಲ್ಲರೂ ಬರೆಯುತ್ತಾರೆ, ನಿಮ್ಮ ಬರಹದಲ್ಲೂ ಇತ್ತು. ಅದು ಸರಿಯಲ್ಲ. ಈ ಎರಡು ಖನಿಜಗಳೂ ನೇರಳಾತೀತ ಕಿರಣವನ್ನು ಬಹುಪಾಲು ಹೀರಿಕೊಳ್ಳುವುದೇ, ವಾಪಸ್ ಕಳಿಸುವುದು ಸ್ವಲ್ಪ ಭಾಗ ಮಾತ್ರ. ಅವು ಚರ್ಮದ ಮೇಲೇ ಉಳಿಯುತ್ತವೆ, ಒಳಗೆ ಇಳಿಯುವುದು ಇಲ್ಲ ಅನ್ನುವಷ್ಟು ಕಡಿಮೆ, ಉರಿಯೂ ಮಾಡುವುದಿಲ್ಲ. ಅದಕ್ಕೇ ಸೂಕ್ಷ್ಮ ಚರ್ಮದವರಿಗೆ ಒಗ್ಗುತ್ತವೆ. ನ್ಯಾನೋ, ಅಂದರೆ ತೀರಾ ಸೂಕ್ಷ್ಮವಾದ ಕಣದ ಭಯವೂ ಕೆಲವರಿಗಿದೆ. ಗಾಯವಿಲ್ಲದ ಚರ್ಮವನ್ನು ದಾಟಿ ಆ ಕಣಗಳು ದೇಹದೊಳಗೆ ಹೋಗುವುದು ಕಂಡುಬಂದಿಲ್ಲ. ಆದರೂ ಬೇಡ ಅನ್ನಿಸಿದರೆ ನಾನ್-ನ್ಯಾನೋ ಸಿಗುತ್ತದೆ. ಯುರೋಪಿನಲ್ಲಿ ನ್ಯಾನೋ ಇದ್ದರೆ ಪದಾರ್ಥದ ಹೆಸರಿನ ಪಕ್ಕದಲ್ಲೇ ಹಾಗಂತ ಬರೆಯಲೇಬೇಕು.

ಉಸಿರಾಟಕ್ಕೆ ಸೇರುವುದು ಮಾತ್ರ ಬೇರೆ ವಿಷಯ. ಟೈಟಾನಿಯಂ ಡೈಆಕ್ಸೈಡ್ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಇಟ್ಟಿದೆ. ಅದಕ್ಕೇ ಸ್ಪ್ರೇ ಮತ್ತು ಪುಡಿ ರೂಪದ ಸನ್‌ಸ್ಕ್ರೀನ್ ಬೇಡ ಅನ್ನುತ್ತೇನೆ, ಮಕ್ಕಳಿಗಂತೂ ಬೇಡವೇ ಬೇಡ. ಅರ್ಧ ಗಾಳಿಗೆ ಹೋಗುತ್ತದೆ, ಹಚ್ಚಿದ್ದು ಎಷ್ಟು ಅನ್ನುವುದೂ ಗೊತ್ತಾಗುವುದಿಲ್ಲ. 2021ರಲ್ಲಿ ಕೆಲವು ಸ್ಪ್ರೇ ಸನ್‌ಸ್ಕ್ರೀನ್‌ಗಳಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಅನ್ನೋ ರಾಸಾಯನಿಕ ಸಿಕ್ಕು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡರು. ಬೆಂಜೀನ್ ಫಿಲ್ಟರ್ ಅಲ್ಲ, ತಯಾರಿಕೆಯಲ್ಲಿ ಸೇರಿಕೊಂಡ ಕಲಬೆರಕೆ. ಕ್ರೀಮ್, ಲೋಷನ್ ತೆಗೆದುಕೊಳ್ಳಿ.

ಮಿನರಲ್ ಅಂತ ದೊಡ್ಡದಾಗಿ ಬರೆದು ಒಳಗೆ ಇನ್ನೊಂದು ವಸ್ತು ಸೇರಿಸಿರುವುದನ್ನೂ ನೋಡುತ್ತಿರುತ್ತೇನೆ. ಪದಾರ್ಥಗಳ ಉದ್ದದ ಪಟ್ಟಿಯಲ್ಲಿ ಬ್ಯುಟೈಲಾಕ್ಟೈಲ್ ಸ್ಯಾಲಿಸಿಲೇಟ್ ಅನ್ನೋ ಹೆಸರು ಹುಡುಕಿ. ಇದು ಆಕ್ಟಿಸಲೇಟ್ ಅನ್ನೋ ಕೆಮಿಕಲ್ ಫಿಲ್ಟರಿನ ಹತ್ತಿರದ ನೆಂಟ, ಕಿರಣವನ್ನೂ ಹೀರುತ್ತದೆ. ಆದರೆ ಫಿಲ್ಟರ್ ಅಂತ ಲೆಕ್ಕಕ್ಕೆ ಬರುವುದಿಲ್ಲ, ಉಳಿದ ಪದಾರ್ಥಗಳ ಸಾಲಿನಲ್ಲಿ ಕೂತಿರುತ್ತದೆ. ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕೆಮಿಕಲ್ ಫಿಲ್ಟರ್ ಬೇಡವೇ ಬೇಡ ಅಂತ ನಿರ್ಧರಿಸಿ ಕೊಳ್ಳುವವರಿಗೆ ಇದು ಗೊತ್ತಿರಬೇಕು, ಅಲ್ವಾ? ಪರಿಮಳ ಹಾಕಿದ್ದನ್ನು ಆದಷ್ಟು ಬಿಡಿ. ಚರ್ಮ ಕೆರಳುವುದು ಎಷ್ಟೋ ಸಲ ಫಿಲ್ಟರಿನಿಂದಲ್ಲ, ಪರಿಮಳದಿಂದ.

ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಕು. 30 ಸುಮಾರು ಶೇ 97ರಷ್ಟು ಯುವಿಬಿ ತಡೆದರೆ 50 ಸುಮಾರು ಶೇ 98 ತಡೆಯುತ್ತದೆ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ, ಅಂದರೆ ಚರ್ಮ ಕೆಂಪಾಗಿಸುವ ಕಿರಣದ ಬಗ್ಗೆ. ನೆಲಕ್ಕೆ ಬರುವ ನೇರಳಾತೀತ ಕಿರಣದಲ್ಲಿ ಶೇ 95ರವರೆಗೂ ಇರುವುದು ಯುವಿಎ. ಅದು ಗಾಜನ್ನು ದಾಟುತ್ತದೆ, ಚರ್ಮದ ಆಳಕ್ಕೆ ಇಳಿಯುತ್ತದೆ, ಸುಕ್ಕು ಮತ್ತು ಕಲೆ ತರುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಅದಕ್ಕೆ ರಕ್ಷಣೆ ಇದೆಯೋ ಇಲ್ಲವೋ ಅಂತ ಬೇರೆಯಾಗಿಯೇ ನೋಡಬೇಕು. ಬ್ರಾಡ್ ಸ್ಪೆಕ್ಟ್ರಮ್, ಅಂದರೆ ಎರಡೂ ಕಿರಣ ತಡೆಯುತ್ತದೆ ಅಂತ ಇರಬೇಕು. ಇಲ್ಲವೇ ಯುವಿಎ ಅಕ್ಷರಗಳ ಸುತ್ತ ಒಂದು ವೃತ್ತ ಇರಬೇಕು, ಅದು ಯುರೋಪಿನ ಗುರುತು, ಎಸ್‌ಪಿಎಫ್‌ನ ಕನಿಷ್ಠ ಮೂರನೇ ಒಂದು ಭಾಗ ಯುವಿಎ ರಕ್ಷಣೆ ಇದೆ ಅಂತ ಅರ್ಥ. ಯುವಿಎ ರಕ್ಷಣೆ ತೋರಿಸಲು ಪಿಎ ಅಕ್ಷರಗಳ ಪಕ್ಕದಲ್ಲಿ ಪ್ಲಸ್ ಗುರುತು ಹಾಕುವುದು ಜಪಾನಿನ ಪದ್ಧತಿ, 1996ರಲ್ಲಿ ಬಂದದ್ದು. ನಾಲ್ಕು ಪ್ಲಸ್ ಇದ್ದರೆ ಅತಿ ಹೆಚ್ಚು. ಟೈಟಾನಿಯಂ ಒಂದೇ ಇರುವ ಕ್ರೀಮಿಗಿಂತ ಜಿಂಕ್ ಇರುವುದು ಯುವಿಎಗೆ ಒಳ್ಳೆಯದು.

ಕಪ್ಪು, ಗೋಧಿ ಬಣ್ಣದವರಿಗೆ ಮಿನರಲ್ ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಇದು ಸಣ್ಣ ದೂರಲ್ಲ, ಎಷ್ಟೋ ಜನ ಹಚ್ಚುವುದನ್ನೇ ಬಿಡುವುದು ಇದಕ್ಕೆ. ಬಣ್ಣ ಸೇರಿಸಿದ, ಅಂದರೆ ಟಿಂಟೆಡ್ ಅಂತ ಬರೆದಿರುವುದನ್ನು ಕೇಳಿ. ಅದರಲ್ಲಿರುವ ಐರನ್ ಆಕ್ಸೈಡ್ ಬಿಳಿಚನ್ನು ಮರೆಸುತ್ತದೆ, ಜೊತೆಗೆ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಮುಖದ ಮೇಲೆ ಬಂಗು ಇರುವವರಿಗೆ ಬರೀ ಜಿಂಕ್‌ಗಿಂತ ಇದು ಜಾಸ್ತಿ ಉಪಯೋಗ, ಯಾಕೆಂದರೆ ಕಾಣುವ ಬೆಳಕಿನಿಂದಲೂ ಬಂಗು ಹೆಚ್ಚುತ್ತದೆ. ಟಿಂಟೆಡ್ ಕೂಡ ಒಗ್ಗಲಿಲ್ಲ ಅಂದರೆ ಬೆಮೊಟ್ರಿಜಿನಾಲ್‌ನಂಥ ಹೊಸ ಫಿಲ್ಟರ್ ಇರುವುದನ್ನು ನೋಡಬಹುದು. ಅದರ ಅಣು ದೊಡ್ಡದು, ಚರ್ಮದೊಳಗೆ ಇಳಿಯುವುದು ತೀರಾ ಕಡಿಮೆ. ದಿನಾ ಹಚ್ಚುವ ಕೆಮಿಕಲ್ ಸನ್‌ಸ್ಕ್ರೀನ್, ಕಪಾಟಿನಲ್ಲಿ ಕೂತಿರುವ ಮಿನರಲ್ ಸನ್‌ಸ್ಕ್ರೀನ್‌ಗಿಂತ ಮೇಲು ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಎಷ್ಟು ಹಚ್ಚಬೇಕು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಪರೀಕ್ಷೆಯಲ್ಲಿ ಹಚ್ಚುವ ಪ್ರಮಾಣದ ಅರ್ಧವನ್ನೂ ಸಾಮಾನ್ಯವಾಗಿ ಯಾರೂ ಹಚ್ಚುವುದಿಲ್ಲ. ಬಟಾಣಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಎಳೆದರೆ ಡಬ್ಬಿಯ ಮೇಲಿನ 50 ನಿಮಗೆ ಸಿಗುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಾಕಿ, ಅಷ್ಟೂ ಮುಖ ಕುತ್ತಿಗೆಗೆ ಬೇಕು. ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಈಜಿದರೆ, ಬೆವರಿದರೆ ಇನ್ನೂ ಬೇಗ. ಡಬ್ಬಿಯ ಮೇಲೆ ವಾಟರ್ ರೆಸಿಸ್ಟೆಂಟ್ 40 ಅಥವಾ 80 ನಿಮಿಷ ಅಂತ ಇರುತ್ತದಲ್ಲ, ಅಷ್ಟೇ ಹೊತ್ತು ಅದರ ಆಯಸ್ಸು. ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 12 ಎಂ ಅಂತ ಇದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳೊಳಗೆ ಮುಗಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟದ್ದು ನೀರಾಗಿ ಒಡೆದಿದ್ದರೆ ಎಸೆದುಬಿಡಿ.

ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಕಾಗುವ ಹಾಗೆ ಮಾಡಲೇಬೇಡಿ. ಮನೆಯದ್ದೂ ಬೇಡ, ಅಂಗಡಿಯದ್ದೂ ಬೇಡ. ನೆರಳು, ಟೋಪಿ, ಮೈಮುಚ್ಚುವ ತೆಳು ಬಟ್ಟೆ. ನಮ್ಮ ಅಂಗಡಿಗೆ ಬಂದ ಆ ತಾಯಿಗೂ ಇದನ್ನೇ ಹೇಳಿ ಕಳಿಸಿದೆ. ದೊಡ್ಡವರಿಗೂ ಇದೇ ಮೊದಲು. ಪೂರ್ತಿ ನೈಸರ್ಗಿಕವಾದದ್ದೇ ಬೇಕು ಅನ್ನುವವರಿಗೆ ನೆರಳಿಗಿಂತ ಒಳ್ಳೆಯದು ಯಾವುದಿದೆ? ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಎಷ್ಟೋ ಕ್ರೀಮಿಗಿಂತ ಚೆನ್ನಾಗಿ ತಡೆಯುತ್ತದೆ, ತೊಳೆದುಹೋಗುವುದೂ ಇಲ್ಲ. ಯುಪಿಎಫ್ 50 ಅಂತ ಗುರುತಿರುವ ಬಟ್ಟೆ ಬಿಡುವುದು ಐವತ್ತರಲ್ಲಿ ಒಂದು ಭಾಗ ಕಿರಣ ಮಾತ್ರ. ಮೋಡ ಇದೆ ಅಂತ ಉದಾಸೀನ ಬೇಡ, ತೆಳು ಮೋಡವನ್ನು ಬಹುಪಾಲು ಕಿರಣ ದಾಟಿ ಬರುತ್ತದೆ. ಫೋನಿನ ಹವಾಮಾನ ಪುಟದಲ್ಲಿ ಯುವಿ ಇಂಡೆಕ್ಸ್, ಅಂದರೆ ನೇರಳಾತೀತ ಕಿರಣ ಎಷ್ಟು ಜೋರಾಗಿದೆ ಅನ್ನುವ ಸಂಖ್ಯೆ ನೋಡಿ, 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಮುದ್ರದ ಹವಳದ ಬಗ್ಗೆಯೂ ಕೆಲವರು ಕೇಳುತ್ತಾರೆ. ಪಲಾವು ದೇಶ 2020ರಿಂದ, ಹವಾಯಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ಫಿಲ್ಟರ್ ಇರುವ ಸನ್‌ಸ್ಕ್ರೀನ್ ಮಾರಾಟ ನಿಲ್ಲಿಸಿವೆ. ಹವಳಕ್ಕೆ ದೊಡ್ಡ ಪೆಟ್ಟು ಬೀಳುತ್ತಿರುವುದು ಸಮುದ್ರದ ನೀರು ಬಿಸಿಯಾಗುವುದರಿಂದ. ಆದರೂ ಸಮುದ್ರದಲ್ಲಿ ಈಜುವವರು ಈ ಎರಡನ್ನು ಬಿಟ್ಟರೆ, ತೋಳಿರುವ ಈಜುಡುಗೆ ಹಾಕಿಕೊಂಡರೆ ನೀರಿಗೆ ಸೇರುವ ಕ್ರೀಮೂ ಕಡಿಮೆಯಾಗುತ್ತದೆ.

ಸಂಪಾದಕರೇ, ನಿಮ್ಮ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವಷ್ಟು ನಂಬುವ ಓದುಗರಿದ್ದಾರೆ, ಅವರನ್ನು ನಾನು ಕೌಂಟರಿನಲ್ಲಿ ನೋಡುತ್ತೇನೆ. ಆ ಪಾಕ ಬಂದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ, ಅದನ್ನು ಬಳಸಬೇಡಿ ಅಂತ ತಿದ್ದುಪಡಿ ಹಾಕಿ. ನಿಂಬೆ ತೈಲದ ವಿಷಯವನ್ನು ಬೇರೆಯಾಗಿ ಬರೆಯಿರಿ, ಈಗಾಗಲೇ ಕಲಸಿ ಇಟ್ಟುಕೊಂಡವರು ಇರಬಹುದು. ಮುಂದೆ ಇಂಥ ಬರಹ ಬಂದಾಗ ಅಚ್ಚಿಗೆ ಹೋಗುವ ಮುಂಚೆ ಒಬ್ಬ ಚರ್ಮರೋಗ ತಜ್ಞರಿಗೆ ತೋರಿಸಿ.

ಇತಿ,
ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ನಿಮ್ಮ ಓದುಗಿ